ಬೀಗ ಬಿದ್ದ ದನಿಗಳು

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಾಗಲಕೋಟೆಯ ನವನಗರದ ಮನೆಗೆ ಬರುತ್ತಾರೆ. ಚಹದ ಕಪ್ಪು ಕೆಳಗಿಡುವ ಮೊದಲೇ ಎಲ್ಲರೂ ಕೇಳುವುದು ಒಂದೇ ಮಾತು: ‘ಯಾವ ಮಶೀನು ಚಲೋ ಐತ್ರಿ ಸರ?’ ಮಶೀನಿನ ಮಾತು ಕೊನೆಗೆ ಆಡೋಣ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಮುದುಕನಿಗೆ ಹೊಸದೇನೂ ಗೊತ್ತಿಲ್ಲ ಎಂದು ಅನ್ನಿಸುತ್ತಿರಬೇಕು. ಅನ್ನಿಸಲಿ. ನನಗೆ ಗೊತ್ತಿದ್ದ ಹೊಸದೆಲ್ಲ ನನ್ನ ಕಣ್ಣೆದುರಿಗೇ ಹಳೆಯದಾಗಿ ಸತ್ತಿದೆ. ಅದು ಸಾಯುವಾಗ ಏನೇನನ್ನು ಜೊತೆಗೆ ಎಳೆದುಕೊಂಡು ಹೋಯಿತು ಎಂಬುದನ್ನು ಬರೆದಿಡುತ್ತಿದ್ದೇನೆ, ಅಷ್ಟೆ.

ನನಗೆ ಬಡ್ತಿ ಯಾವಾಗ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಸಿಗುವುದಿಲ್ಲ. ಆ ಶಾಲುಗಳನ್ನು ನನ್ನ ಹೆಂಡತಿ ಕೌದಿಗೆ ಸೇರಿಸಿ ಹೊಲಿದಿದ್ದಾಳೆ. ಇಡೀ ನೌಕರಿಯಲ್ಲಿ ಬಂದ ಸನ್ಮಾನಗಳ ಪೈಕಿ ಚಳಿಗಾಲಕ್ಕೆ ಒದಗಿದ್ದು ಅದೊಂದೇ.

ನಾನು ಜಾನಪದ ಸಂಗ್ರಹ ಕೇಂದ್ರವೊಂದರಲ್ಲಿ ಧ್ವನಿಮುದ್ರಣ ಮಾಡುವವನಾಗಿದ್ದೆ. ಹಳೇ ಬಾಗಲಕೋಟೆಯ ಓಣಿಗಳು ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಿದ್ದ ಕಾಲದಲ್ಲಿ, ಊರು ಮುಳುಗಿದರೂ ಊರ ದನಿ ಉಳಿಯಲಿ ಎಂದು ನಾಲ್ಕು ಮಂದಿ ತಿಳಿದವರು ಸೇರಿ ಕಟ್ಟಿದ ಕೇಂದ್ರ ಅದು. ಬಾದಾಮಿ, ಹುನಗುಂದ, ಇಳಕಲ್ಲು ಸುತ್ತಿ ಹಾಡುವವರ ಮನೆಗೆ ಹೋಗುವುದು, ಕೂತು ಹಾಡಿಸುವುದು, ತಂದು ಜೋಪಾನ ಮಾಡುವುದು. ಹಳ್ಳಿಗಳಲ್ಲಿ ನನ್ನನ್ನು ಟೇಪಿನ ಮಲ್ಲಪ್ಪ ಎನ್ನುತ್ತಿದ್ದರು. ನನ್ನ ಮನೆತನದ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಮೊದಲ ನಿರ್ದೇಶಕರು ದೇಸಾಯರು. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ, ಕಾಲಲ್ಲಿ ಹರಿದ ಚಪ್ಪಲಿ. ಕಚೇರಿಯ ಕುರ್ಚಿಯ ಮೇಲೆ ಅವರು ಕೂತದ್ದನ್ನು ನಾನು ಹೆಚ್ಚು ನೋಡಿಲ್ಲ. ನನಗೆ ಕಸುಬು ಕಲಿಸಿದ್ದು ಅವರೇ.

ಹಳ್ಳಿಯ ಹೆಣ್ಣುಮಕ್ಕಳ ಮುಂದೆ ಮೈಕು ಹಿಡಿದು ‘ಏನಾದರೂ ಮಾತಾಡಿ, ದನಿ ನೋಡಬೇಕು’ ಎಂದರೆ ಬಾಯಿ ಹೊಲಿದವರಂತೆ ಕೂತುಬಿಡುತ್ತಾರೆ. ದೇಸಾಯರು ಹಾಗೆ ಕೇಳುತ್ತಿರಲಿಲ್ಲ. ‘ಯವ್ವಾ, ಯಜಮಾನರ ಹೆಸರು ಏನು?’ ಎನ್ನುತ್ತಿದ್ದರು. ಗಂಡನ ಹೆಸರನ್ನು ಬರಿದೇ ಹೇಳುವುದು ನಮ್ಮ ಕಡೆ ಪದ್ಧತಿಯಲ್ಲ. ಒಡಪು ಕಟ್ಟಿ, ಪ್ರಾಸದಲ್ಲಿ ಮುಚ್ಚಿ ಹೇಳಬೇಕು. ಸುತ್ತ ಕೂತ ಹೆಂಗಸರು ‘ಒಡಪು ಹಾಕ, ಒಡಪು ಹಾಕ’ ಎಂದು ಗದ್ದಲ ಎಬ್ಬಿಸುತ್ತಾರೆ. ಆಕೆ ನಾಚಿ, ನಕ್ಕು, ಕೊನೆಗೆ ಗಟ್ಟಿಯಾಗಿ ಹೇಳಿಬಿಡುತ್ತಾಳೆ. ಅಷ್ಟರಲ್ಲಿ ನನ್ನ ಮೀಟರಿನ ಮುಳ್ಳು ಸರಿಯಾದ ಜಾಗಕ್ಕೆ ಬಂದಿರುತ್ತದೆ, ಆಕೆಯ ಗಂಟಲೂ ಬಿಟ್ಟಿರುತ್ತದೆ. ನಮ್ಮ ಕೇಂದ್ರದ ಪ್ರತಿ ಕ್ಯಾಸೆಟ್ಟೂ ಒಡಪಿನಿಂದಲೇ ಶುರುವಾಗುತ್ತಿತ್ತು.

ಅವರು ಕಲಿಸಿದ ಇನ್ನೊಂದು ಪಾಠ, ಹಾಡು ಮುಗಿದ ಕೂಡಲೇ ಟೇಪು ನಿಲ್ಲಿಸಬಾರದು ಎಂಬುದು. ನಾನೊಮ್ಮೆ ಚಟ್ಟನೆ ಬಂದ್ ಮಾಡಿದಾಗ ಬೈದರು. ‘ಹಾಡು ಮುಗದ ಮ್ಯಾಲೆ ಮನಷ್ಯಾರು ಖರೆ ಮಾತಾಡ್ತಾರಲೇ. ರೀಲು ತೀರೂತನ ಓಡ್ಲಿ ಬಿಡು.’

ಇಳಕಲ್ಲಿನ ನೀಲವ್ವನನ್ನು ಮುದ್ರಿಸಿದ್ದು ಆ ಕಾಲದಲ್ಲಿ. ಆಕೆ ನೇಕಾರರ ಮನೆಯ ಹೆಣ್ಣುಮಗಳು. ಅವರ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಮದುಮಗಳಿಗೆ ಅರಿಷಿಣ ಹಚ್ಚುವಾಗ ನೀಲವ್ವನೇ ಹಾಡಬೇಕು. ಅವಳು ಬರುವತನಕ ಅರಿಷಿಣದ ಬಟ್ಟಲಿಗೆ ಯಾರೂ ಕೈ ಹಚ್ಚುತ್ತಿರಲಿಲ್ಲ. ತಾಯಿಯಿಂದ ಬಂದ ಹಾಡು, ಬಲು ಉದ್ದದ್ದು. ನಾವು ಹೋದಾಗ ಎಡಕ್ಕೂ ಬಲಕ್ಕೂ ಮಗ್ಗಗಳ ಸದ್ದು. ಹಾಡು ಕೇಳಿಸುವುದು ಹೇಗೆ? ದೇಸಾಯರು ಮನೆಮನೆಗೆ ಹೋಗಿ ಕೈ ಮುಗಿದರು. ಇಡೀ ಓಣಿ ಲಾಳಿ ಕೆಳಗಿಟ್ಟು ಕೂತಿತು. ದುಡಿದರೆ ಮಾತ್ರ ಉಣ್ಣುವ ಮಂದಿ ನಮ್ಮ ಕ್ಯಾಸೆಟ್ಟಿಗಾಗಿ ಕೈ ಕಟ್ಟಿ ಕೂತಿದ್ದರು. ಇದನ್ನು ನಾನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಮ್ಮ ಕಚೇರಿಯಲ್ಲಿ ಅದಕ್ಕೆ ಸಿಕ್ಕ ಬೆಲೆ ಎಷ್ಟು ಎಂದು ನಿಮಗೆ ತಿಳಿಯಬೇಕು.

ದೇಸಾಯರು ಯಜಮಾನರ ಹೆಸರು ಕೇಳಿದರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು: ‘ಕೆಂಪು ಸೆರಗಿಗಿ ಬಿಳಿ ತೆನಿ ಚಂದ, ಸಂಗಪ್ಪನೋರ ಮನಿಗಿ ನಾ ಬಂದದ್ದು ಅದಕೂ ಚಂದ.’ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಸಂಗಪ್ಪ ಎದ್ದು ಹೊರಗೆ ಹೋದ. ಹೆಂಗಸರೆಲ್ಲ ನಕ್ಕರು. ಆಮೇಲೆ ಅವಳು ಹಾಡಿದಳು. ಆ ಹಾಡು ಹೇಗಿತ್ತು ಎಂದು ನಾನು ಬರೆಯಲಾರೆ. ಬರೆಯಲು ಬರುವಂತಿದ್ದರೆ ಟೇಪು ಯಾಕೆ ಬೇಕಿತ್ತು?

ದೇಸಾಯರು ನಿವೃತ್ತರಾದರು, ಸ್ವಲ್ಪ ದಿನಕ್ಕೆ ತೀರಿಯೂ ಹೋದರು. ಅವರ ಜಾಗಕ್ಕೆ ಬಂದವರ ಹೆಸರು ಬರೆದು ಈ ಹಾಳೆಯನ್ನು ಯಾಕೆ ಕೆಡಿಸಲಿ. ನಾವು ಹಿಂದಿನಿಂದ ಬಿಲ್ಲೆ ಸಾಹೇಬರು ಎನ್ನುತ್ತಿದ್ದೆವು.

ಆ ಹೆಸರು ಬಂದದ್ದು ಹೀಗೆ. ಅವರು ಯಾವುದೋ ಪ್ರದರ್ಶನಕ್ಕೆ ಹೋಗಿ ಬಂದವರು ಮೇಜಿನ ಮೇಲೆ ಒಂದು ಚೌಕಾಕಾರದ ಪ್ಲಾಸ್ಟಿಕ್ಕಿನ ಡಬ್ಬಿ ಇಟ್ಟರು. ಒಳಗೆ ಹೊಳೆಯುವ ಪುಟ್ಟ ಬಿಲ್ಲೆ. ವಿದೇಶದ ಒಂದು ಕಂಪನಿ ತಯಾರಿಸಿದ್ದು. ಅದರ ಮಶೀನು ದನಿಯನ್ನು ಅಂಕಿಯಾಗಿ ಬದಲಿಸಿ ಆ ಬಿಲ್ಲೆಯಲ್ಲಿ ಇಡುತ್ತಿತ್ತು. ಎಷ್ಟು ಸಲ ಕೇಳಿದರೂ ಸವೆಯುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಸಾಹೇಬರು ಅದನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. ಸುಳ್ಳು ಯಾಕೆ ಹೇಳಲಿ, ನನಗೂ ಅದು ಚಂದ ಕಂಡಿತು. ನಾನು ಕೇಳಿದ್ದು ಒಂದೇ.

‘ಸರ, ಇದನ್ನ ಬ್ಯಾರೆ ಕಂಪನಿ ಮಶೀನಿನ್ಯಾಗ ಹಾಕಿದ್ರ ಹಾಡ್ತೈತೇನ್ರಿ?’

‘ಬೇರೆ ಕಂಪನಿ ಮಶೀನು ಯಾಕ್ರಿ ಬೇಕು? ಅವರದೇ ಐತೆಲ್ಲ.’

‘ಅವರು ಮಾಡೂದು ಬಿಟ್ರ?’

ಸಾಹೇಬರು ಉಳಿದವರ ಕಡೆ ತಿರುಗಿ ನಕ್ಕರು. ‘ಮಲ್ಲಪ್ಪ ಅವರಿಗೆ ಆಕಾಶ ಬೀಳತೈತಿ ಅಂತ ಭಯ.’ ಎಲ್ಲರೂ ನಕ್ಕರು. ಮೇಲಿನವರು ನಕ್ಕರೆ ಕೆಳಗಿನವರು ನಗುವುದು ಕಚೇರಿಯ ನಿಯಮ, ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ನೀವು ಈ ಪ್ರಶ್ನೆಯನ್ನು ಮರೆಯಬೇಡಿ. ಕಂಪನಿಯ ಸ್ವಂತದ ಪದ್ಧತಿ ಎಂದರೆ, ನಿಮ್ಮ ದವಸ ಇನ್ನೊಬ್ಬರ ಕಣಜದಲ್ಲಿ ಇಟ್ಟಂತೆ. ಬಾಗಿಲು ತೆರೆಯುವವನು ಅವನು. ಅವನು ಊರು ಬಿಟ್ಟರೆ ನೀವು ಹೊರಗೆ ನಿಂತು ವಾಸನೆ ನೋಡಬೇಕು.

ಕ್ಯಾಸೆಟ್ಟಿನಲ್ಲಿದ್ದ ಹಾಡುಗಳನ್ನೆಲ್ಲ ಬಿಲ್ಲೆಗೆ ಇಳಿಸುವ ಕೆಲಸ ನನಗೆ ಬಂತು. ಹಾಡು ಮಾತ್ರ ಇಳಿಸಬೇಕು, ಹರಟೆ ಬೇಡ ಎಂದು ಸಾಹೇಬರ ಅಪ್ಪಣೆ. ಒಡಪು, ನಗು, ಕೊನೆಯ ಮಾತು ಎಲ್ಲವೂ ಅವರ ಲೆಕ್ಕಕ್ಕೆ ಹರಟೆ. ಇಳಿಸಿದ ಮೇಲೆ ಕ್ಯಾಸೆಟ್ಟುಗಳನ್ನು ಏನು ಮಾಡುವುದು ಎಂದು ಕೇಳಿದೆ. ಕಪಾಟಿನಲ್ಲಿರಲಿ ಎನ್ನುತ್ತಾರೆಂದು ತಿಳಿದಿದ್ದೆ.

‘ತಿಂಗಳಾ ತಿಂಗಳಾ ಸಭೆ ಆಗತಾವ. ಅದನ್ನ ರೆಕಾರ್ಡ್ ಮಾಡಾಕ ಹೊಸಾ ಕ್ಯಾಸೆಟ್ ಯಾಕ ತರೂದು? ಇವನ್ನ ಬಳಸರಿ.’

‘ಸರ, ಮೂಲ ಪ್ರತಿ ಅವು. ಓಣಿ ಓಣಿ ಮಂದಿ ಮಗ್ಗ ನಿಲ್ಲಿಸಿ ಕೊಟ್ಟದ್ದು.’

‘ಮೂಲ ಈಗ ಬಿಲ್ಲ್ಯಾಗ ಐತಿ. ಅದೇ ಮೂಲ.’

ಹಾಗೆ ಮಾಡಬಾರದೆಂದು ನಾನು ಬರೆದೂ ಕೊಟ್ಟೆ. ಕೋಲು ಹಿಡಿದು ಅಡ್ಡ ನಿಲ್ಲಲು ನನಗೇನು ಅಧಿಕಾರವಿತ್ತು? ಕ್ಯಾಸೆಟ್ಟುಗಳು ಸಾಹೇಬರ ಕೋಣೆಗೆ ಹೋದವು. ಸಭೆಗಳಲ್ಲಿ ಅವರ ಗುಮಾಸ್ತ ಗುಂಡಿ ಒತ್ತುತ್ತಿದ್ದ, ಸಾಹೇಬರು ಮಾತಾಡುತ್ತಿದ್ದರು. ನೀಲವ್ವನ ಮೇಲೆ, ಅವಳಂಥ ಎಷ್ಟೋ ಮಂದಿಯ ಮೇಲೆ ಸಾಹೇಬರ ಭಾಷಣ ಕೂತಿತು. ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ.

ಬಿಲ್ಲೆಯ ಮಶೀನಿಗೆ ಒಂದು ಖೋಡಿ ಗುಣವಿತ್ತು. ಮುದ್ರಣ ಮುಗಿದ ಮೇಲೆ ಅದು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಗಿರಗುಟ್ಟಿ, ಯಾವ ಹಾಡು ಎಲ್ಲಿದೆ ಎಂಬ ಸೂಚಿಯನ್ನು ಬಿಲ್ಲೆಯ ಅಂಚಿನಲ್ಲಿ ಬರೆದುಕೊಳ್ಳುತ್ತಿತ್ತು. ಅದನ್ನು ಬರೆಯುವಷ್ಟರಲ್ಲಿ ಬ್ಯಾಟರಿ ಕಳಚಿದರೆ ಮುಗಿಯಿತು. ದನಿಯೆಲ್ಲ ಒಳಗೇ ಇರುತ್ತದೆ, ಆದರೆ ಮಶೀನು ಬಿಲ್ಲೆ ಖಾಲಿ ಎನ್ನುತ್ತದೆ.

ಬಾದಾಮಿಯಲ್ಲಿ ಹಾಗೇ ಆಯಿತು. ಪಟ್ಟದಕಲ್ಲಿನ ಕಡೆಯಿಂದ ಬಂದ ಡೊಳ್ಳಿನ ಪದದ ಹಿರಿಯನೊಬ್ಬನನ್ನು ಕೆರೆಯ ದಂಡೆಯ ಕಟ್ಟೆಯ ಮೇಲೆ ಕೂಡಿಸಿ ಮುದ್ರಿಸಿದೆ. ಮುದುಕ ಬೆವರು ಇಳಿಯುವ ಹಾಗೆ ಹಾಡಿದ. ನಾನು ನಿಲ್ಲಿಸುವ ಗುಂಡಿ ಒತ್ತಿ, ಮಶೀನು ಪಕ್ಕಕ್ಕಿಟ್ಟು, ಅವನಿಗೆ ನೀರು ಕೊಡಲು ತಿರುಗಿದೆ. ಬಾದಾಮಿಯ ಮಂಗಗಳ ವಿಷಯ ಬಾದಾಮಿಗೆ ಹೋದವರಿಗೆ ಹೇಳಬೇಕಾಗಿಲ್ಲ. ಒಂದು ಗಡವ ಹಾರಿ ಬಂದು ಮಶೀನನ್ನು ಎತ್ತಿಕೊಂಡು ಕಲ್ಲು ಬಂಡೆ ಏರಿತು. ತಿನ್ನಲು ಬರುವುದಿಲ್ಲ ಎಂದು ತಿಳಿದ ಮೇಲೆ ಬ್ಯಾಟರಿ ಒಂದು ಕಡೆ, ಮಶೀನು ಒಂದು ಕಡೆ ಒಗೆಯಿತು. ಮಶೀನು ಕೆಟ್ಟಿರಲಿಲ್ಲ. ಬಿಲ್ಲೆ ಹಾಕಿ ನೋಡಿದರೆ ಖಾಲಿ.

ಮುದುಕ ಕೇಳಿದ, ‘ಏನಾತ್ರಿ ಸಾಹೇಬ್ರ?’

‘ಹೋತೋ ಯಪ್ಪಾ. ಎಲ್ಲಾ ಹೋತು.’

‘ಮಂಗ್ಯಾ ತಿಂತೇನ್ರಿ ನನ್ನ ಪದಾನ?’ ಎಂದು ಅವನು ನಕ್ಕ. ಮತ್ತೆ ಹಾಡೆಂದರೆ ಗಂಟಲು ಮುಟ್ಟಿ ತೋರಿಸಿದ. ಮುಂದಿನ ಸಲ ಬರುತ್ತೇನೆಂದು ಹೇಳಿ ಬಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಅವನಿಗೆ ಲಕ್ವ ಹೊಡೆದು ಮಾತು ಬಿದ್ದಿತ್ತು. ಕ್ಯಾಸೆಟ್ಟನ್ನು ಅದೇ ಮಂಗ ಎತ್ತಿ ಒಗೆದಿದ್ದರೆ ನಾನು ಟೇಪನ್ನು ಪೆನ್ಸಿಲಿನಿಂದ ಸುತ್ತಿ ಹಾಡು ಕೇಳಿಸುತ್ತಿದ್ದೆ. ಕಚೇರಿಗೆ ಬಂದು ಹೇಳಿದರೆ ಸಾಹೇಬರು ಮಂಗನ ಮೇಲೆ ವಿವರಣೆ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ನನ್ನ ನೌಕರಿಯಲ್ಲಿ ಎಲ್ಲರೂ ಓದಿದ ಒಂದೇ ಬರಹ ಅದು.

ಗುಡೂರಿನದು ಬೇರೆಯೇ ಕಥೆ. ಬಿಲ್ಲೆಗಳು ತುಟ್ಟಿ. ಒಂದೇ ಬಿಲ್ಲೆಯಲ್ಲಿ ಹೆಚ್ಚು ಹೊತ್ತಿನ ಹಾಡು ತುಂಬುವ ಒಂದು ಗುಂಡಿ ಆ ಮಶೀನಿನಲ್ಲಿತ್ತು. ಸಾಹೇಬರು ಎಲ್ಲದಕ್ಕೂ ಆ ಗುಂಡಿಯನ್ನೇ ಒತ್ತಿಸಿದರು. ಹೆಚ್ಚು ತುಂಬಬೇಕೆಂದರೆ ಮಶೀನು ಕಿವಿಗೆ ಬೇಡವಾದದ್ದು ಎಂದು ತನಗೆ ತೋರಿದ್ದನ್ನು ತೆಗೆದುಹಾಕುತ್ತದೆ. ಯಾರ ಕಿವಿಗೆ ಬೇಡ ಎಂದು ಕೇಳುವವರಿಲ್ಲ. ಗುಡೂರಿನಲ್ಲಿ ಅತ್ತೆ ಸೊಸೆ ಇಬ್ಬರು ಬೀಸುಕಲ್ಲಿಗೆ ಕೂತು ಹಾಡಿದರು. ಮುದ್ರಿಸಿ ಕೇಳಿಸಿದೆ. ಅತ್ತೆ ಮುಖ ಗಂಟಿಕ್ಕಿದಳು.

‘ಇದೇನ್ರಿ, ಬಾಂವ್ಯಾಗ ಇಳದು ಹಾಡಿದಂಗ ಐತಿ. ಕಲ್ಲಿನ ಸಪ್ಪಳ ಎಲ್ಲೈತಿ?’

‘ಐತಿ ಬೇ, ಸಣ್ಣಗ ಐತಿ.’

‘ಸಣ್ಣಗ ಯಾಕಿರ್ತೈತಿ? ಬೀಸಿ ಬೀಸಿ ರಟ್ಟಿ ನೋಯಾಕತ್ತೇತಿ ನಮಗ.’

ಅವಳಿಗೆ ಏನು ಹೇಳಲಿ? ಚಲೋ ಗುಂಡಿ ಒತ್ತಿ ಮತ್ತೊಮ್ಮೆ ಮುದ್ರಿಸಿಕೊಂಡೆ. ಅದಕ್ಕೂ ಒಂದು ವಿವರಣೆ ಬರೆದುಕೊಡಬೇಕಾಯಿತು.

ಇಷ್ಟರಲ್ಲಿ ಕಂಪ್ಯೂಟರು ಬಂತು. ಬಿಲ್ಲೆಯ ಕಂಪನಿಯೇ ಒಂದು ತಂತ್ರಾಂಶ ಕೊಟ್ಟಿತ್ತು. ಅದರ ಮೂಲಕ ಬಿಲ್ಲೆಯಲ್ಲಿದ್ದ ಹಾಡುಗಳನ್ನು ಕಂಪ್ಯೂಟರಿಗೆ ಸಾಗಿಸಬಹುದು. ಸಾಗಿಸಿದೆವು. ಆಗ ಸಾಹೇಬರು ಮತ್ತೆ ಅದೇ ಮಾತು ಹೇಳಿದರು, ಮೂಲ ಈಗ ಕಂಪ್ಯೂಟರಿನಲ್ಲಿದೆ. ಬಿಲ್ಲೆಗಳನ್ನು ಅಳಿಸಿ ಮತ್ತೆ ಬಳಸಿದರು, ಯಾಕೆಂದರೆ ಆ ಹೊತ್ತಿಗೆ ಪೇಟೆಯಲ್ಲಿ ಹೊಸ ಬಿಲ್ಲೆ ಸಿಗುವುದೇ ಕಷ್ಟವಾಗಿತ್ತು. ಕಂಪನಿ ಬಿಲ್ಲೆಯ ವ್ಯಾಪಾರದಿಂದ ನಿಧಾನಕ್ಕೆ ಕಾಲು ತೆಗೆಯುತ್ತಿತ್ತು. ಹುಬ್ಬಳ್ಳಿಯ ಅಂಗಡಿಯವನು ನನಗೆ ನೇರವಾಗಿ ಹೇಳಿದ, ‘ಇದು ಮುಗದೈತ್ರಿ ಯಜಮಾನ್ರ. ಈಗ ಎಲ್ಲಾ ಮೊಬೈಲ್.’ ಕಚೇರಿಯಲ್ಲಿ ಇದನ್ನು ಹೇಳಿದರೆ ಕೇಳುವವರಾರು? ಹೊಸ ಗಡಿಗೆ ಬಂತೆಂದು ಹಳೆಯದನ್ನು ಒಡೆಯುವ ಚಟ ನಮ್ಮದು. ಹೊಸದರಲ್ಲಿ ನೀರು ನಿಲ್ಲುತ್ತದೆಯೋ ಇಲ್ಲವೋ ಎಂದು ಒಂದು ದಿನವೂ ಕಾಯುವುದಿಲ್ಲ.

ಆ ತಂತ್ರಾಂಶ ಒಂದು ಕಿತಾಪತಿ ಮಾಡಿತ್ತು. ಯಾರೂ ಹಾಡುಗಳನ್ನು ಕದ್ದು ಮಾರಬಾರದೆಂದು ಅದು ಪ್ರತಿ ಹಾಡಿಗೂ ಒಂದು ಬೀಗ ಹಾಕುತ್ತಿತ್ತು. ಬೀಗದ ಕೈ ಆ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ. ನೀಲವ್ವನ ಹಾಡು, ಬೀಸುಕಲ್ಲಿನ ಹಾಡು, ಯಾರ ಅಪ್ಪನ ಗಂಟೂ ಅಲ್ಲದ ಹಾಡುಗಳಿಗೆ ಕಳ್ಳರ ಭಯದಿಂದ ಬೀಗ ಹಾಕಿತ್ತು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಕಂಪ್ಯೂಟರಿಗೆ ವೈರಸ್ ಹೊಕ್ಕ ದಿನ.

ರಿಪೇರಿಗೆ ಬಂದವನು ಹಾಡಿನ ಫೈಲುಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಕಂಪ್ಯೂಟರನ್ನು ಪೂರ್ತಿ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿ, ಫೈಲುಗಳನ್ನು ತಿರುಗಿ ಅದೇ ಜಾಗದಲ್ಲಿಟ್ಟ. ‘ಒಂದೂ ಹೋಗಿಲ್ರಿ, ಎಲ್ಲಾ ಸೇಫ್ ಐತಿ’ ಎಂದ. ಅವನ ತಪ್ಪೇನಿಲ್ಲ. ಫೈಲುಗಳೆಲ್ಲ ಇದ್ದವು. ಒಂದರ ಮೇಲೆ ಒತ್ತಿದೆ. ಈ ಕಂಪ್ಯೂಟರಿನಲ್ಲಿ ಇದನ್ನು ಕೇಳಲು ಅನುಮತಿ ಇಲ್ಲ ಎಂಬ ಸಾಲು ಪರದೆಯ ಮೇಲೆ ಬಂತು. ಇನ್ನೊಂದನ್ನು ಒತ್ತಿದೆ. ಅದೇ ಸಾಲು. ಒತ್ತುತ್ತಲೇ ಹೋದೆ. ಹಾಡುಗಳಿಗೆ ಏನೂ ಆಗಿರಲಿಲ್ಲ, ಬೀಗದ ಕೈ ಮಾತ್ರ ಅಳಿಸಿ ಹೋಗಿತ್ತು.

ಕಂಪನಿಗೆ ಬರೆದೆವು. ಆ ಸೇವೆಯನ್ನು ನಿಲ್ಲಿಸಲಾಗಿದೆ, ನಮ್ಮ ಹೊಸ ಉತ್ಪನ್ನಗಳನ್ನು ನೋಡಿ ಎಂದು ಉತ್ತರ ಬಂತು. ಸಾಹೇಬರು ಆ ಉತ್ತರ ಓದಿ, ಕನ್ನಡಕ ಒರೆಸಿಕೊಂಡು, ‘ತಾಂತ್ರಿಕ ತೊಂದರೆ ಅಂತ ಬರೀರಿ’ ಎಂದರು. ಆ ಶನಿವಾರ ಎಂದಿನಂತೆ ತುಳಸಿಗೇರಿ ಹನುಮಪ್ಪನ ದರ್ಶನಕ್ಕೆ ಹೋಗಿಬಂದರು. ಮುಂದೆ ಇನ್ನೂ ದೊಡ್ಡ ಜಾಗಕ್ಕೆ ವರ್ಗವಾಗಿ ಹೋದರು. ಬೀಳ್ಕೊಡುಗೆಯಲ್ಲಿ ಧ್ವನಿ ಸಂರಕ್ಷಣೆಯ ಹರಿಕಾರ ಎಂದು ಅವರನ್ನು ಕರೆದರು. ನಾನು ಮೈಕು ಹಿಡಿದು ನಿಂತಿದ್ದೆ.

ನಾನು ನಿವೃತ್ತನಾದ ಮೇಲೆ ಆ ಕಟ್ಟಡದ ಕಡೆ ತಲೆ ಹಾಕಿರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಮನೆಯ ಬಾಗಿಲಲ್ಲಿ ಇಳಕಲ್ ಸೀರೆ ಉಟ್ಟ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ.

‘ಶರಣ್ರಿ. ಟೇಪಿನ ಮಲ್ಲಪ್ಪನೋರ ಮನಿ ಇದ ಅಲ್ರಿ? ನಾ ಇಳಕಲ್ಲ ನೀಲವ್ವನ ಮಗಳು, ಶಾಂತವ್ವ. ನೀವು ಬಂದಾಗ ನಾ ಸಣ್ಣಾಕಿ ಇದ್ದೆ, ನೆಪ್ಪಿಲ್ಲ ನಿಮಗ.’

ನೀಲವ್ವ ಬಹಳ ಹಿಂದೆಯೇ ಹೋಗಿದ್ದಳು. ಈಗ ಶಾಂತವ್ವನ ಮಗಳ ಮದುವೆ. ಅರಿಷಿಣದ ದಿನ ಅವ್ವನ ಹಾಡು ಆಗಲೇಬೇಕೆಂದು ಅವಳ ಹಟ. ಅವಳಿಗೆ ಬರುವುದು ಮೊದಲಿನ ಎರಡು ಸಾಲು ಮಾತ್ರ. ನಮ್ಮ ಪಡಸಾಲೆಯಲ್ಲಿ ಕೂತೇ ಹಾಡಿ ತೋರಿಸಿದಳು: ‘ಅಂಗೈಗಿ ಅರಿಷಿಣ ಹಚ್ಚೇವ ತಂಗಿ, ಮುಂಗೈಗಿ ತವರಿನ ನೆನಪ ಕಟ್ಟೇವ.’ ತಾಯಿಯ ದನಿಯೇ. ಅಲ್ಲಿಗೆ ನಿಂತಳು.

‘ಮುಂದ ಬರೂದಿಲ್ರಿ. ಓಣ್ಯಾಗ ಯಾರಿಗೂ ಬರೂದಿಲ್ಲ. ಅವ್ವ ಊರ ಮಂದಿಗೆಲ್ಲಾ ಹಾಡಿದ್ಲು, ನನಗ ಮಾತ್ರ ಕಲಿಸಲಿಲ್ಲ. ಕಲಸ ಬೇ ಅಂದ್ರ, ಎಲ್ಲಿಗಿ ಹೋಗ್ತೈತಿ ಅದು, ಐತಿ ಬಿಡು ಅಂತಿದ್ಲು. ನನ್ನ ಮ್ಯಾಲೆ ಏನೋ ಸಿಟ್ಟಿತ್ತು ಅಕಿಗೆ. ಅಕಿ ಮಾತು ಮೀರಿ ನಾ ಮಗ್ಗ ಬಿಟ್ಟು ಹೊಲಿಗಿ ಕೆಲಸಕ್ಕ ಹೋದೆನಲ್ರಿ, ಅದಕ್ಕ ಇರಬೇಕು.’

ಹಾಡು ಇದೆ, ಕೇಳಲು ಬರುವುದಿಲ್ಲ ಎಂದು ಹೇಗೆ ಹೇಳುವುದು? ಹೇಳಿದೆ. ಅವಳು ನಂಬಲಿಲ್ಲ. ‘ಇದ್ದದ್ದು ಇಲ್ಲ ಅಂದ್ರ ಹೆಂಗ್ರಿ?’ ಎಂದಳು. ಕಣ್ಣಾರೆ ನೋಡಲಿ ಎಂದು ಅವಳನ್ನು ಕರೆದುಕೊಂಡು ಕೇಂದ್ರಕ್ಕೆ ಹೋದೆ.

ಅಲ್ಲಿ ಈಗ ಸವಿತಾ ಎಂಬಾಕೆ ಉಸ್ತುವಾರಿ. ಒಳ್ಳೆಯವಳು. ಹಳೇ ಕಂಪ್ಯೂಟರು ಹಚ್ಚಿದಳು. ಸಾಲು ಸಾಲು ಹೆಸರು. ಶಾಂತವ್ವ ಪರದೆಯ ಹತ್ತಿರ ಬಗ್ಗಿ ಬೆರಳಿಟ್ಟು ಓದಿದಳು, ‘ನೀಲವ್ವ, ಇಳಕಲ್ಲು. ಇಲ್ಲೇ ಐತೆಲ್ರಿ!’ ಸವಿತಾ ಅದರ ಮೇಲೆ ಒತ್ತಿದಳು. ಅನುಮತಿ ಇಲ್ಲ. ಇದನ್ನು ತೆರೆಯಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಅವಳು ಎಷ್ಟೋ ಕಡೆ ಕೇಳಿದ್ದಳಂತೆ. ತಂತ್ರಾಂಶದವರು ಕೇಳುವುದು ಆ ಬೀಗದ ಕೈಯನ್ನೇ, ಅದು ಇಲ್ಲವೇ ಇಲ್ಲ.

‘ಸರ್, ಹಳೇ ಸಭೆ ಕ್ಯಾಸೆಟ್ ಒಂದಷ್ಟು ಕಪಾಟಿನ್ಯಾಗ ಬಿದ್ದಾವ್ರಿ. ಅವು ಏನಾರ ಉಪಯೋಗ ಬೀಳ್ತಾವೇನ್ರಿ?’ ಎಂದು ಸವಿತಾ ಕೇಳಿದಳು.

ಅವನ್ನು ಮತ್ತೆ ಮತ್ತೆ ಅಳಿಸಿ, ಸವೆಸಿ, ಒಗೆದಿದ್ದಾರೆ ಎಂದೇ ನಾನು ತಿಳಿದಿದ್ದೆ. ತರಿಸಿದೆ. ಸಭೆಯ ಚೀಟಿಗಳು ಅಂಟು ಒಣಗಿ ಉದುರಿದ್ದವು, ಕೆಳಗೆ ನಾನು ಅಂಟಿಸಿದ ಹಳೇ ಚೀಟಿಗಳು ಕಾಣುತ್ತಿದ್ದವು. ಇಳಕಲ್ಲಿನ ಕ್ಯಾಸೆಟ್ಟು ಸಿಕ್ಕಿತು. ಹಾಕಿದೆವು. ಸಾಹೇಬರು ಮಾತಾಡತೊಡಗಿದರು. ಅನುದಾನ, ಕುರ್ಚಿಗಳ ಖರೀದಿ, ಕಟ್ಟಡಕ್ಕೆ ಬಣ್ಣ. ಶಾಂತವ್ವ ಮಿಸುಕದೆ ಕೇಳುತ್ತಿದ್ದಳು, ಎಲ್ಲಿ ಅವ್ವನ ದನಿ ತಪ್ಪಿ ಹೋದೀತೋ ಎಂದು. ಸಾಹೇಬರು ಉದ್ದಕ್ಕೆ ಮಾತಾಡಿದರು. ಕೊನೆಗೆ ಎಲ್ಲರಿಗೂ ಚಹ ತರಲು ಹೇಳಿದರು. ಟಕ್ ಎಂದು ಸದ್ದಾಯಿತು. ಭಾಷಣ ಮುಗಿದಲ್ಲಿಂದ ಹಳೆಯ ಟೇಪು ಹಾಗೇ ಉಳಿದಿತ್ತು.

‘…ಕಟ್ಟೇವ.’

ಹಾಡಿನ ಕಟ್ಟಕಡೆಯ ಪದ. ಶಾಂತವ್ವನಿಗೆ ಮೊದಲೇ ಗೊತ್ತಿದ್ದ ಪದ. ಆಮೇಲೆ ನೀಲವ್ವ ಉಸಿರು ಬಿಟ್ಟಳು, ಬಳೆಗಳು ಸದ್ದು ಮಾಡಿದವು. ದೂರದಲ್ಲಿ ಮಗ್ಗವೊಂದು ಮತ್ತೆ ಶುರುವಾಯಿತು. ಶಾಂತವ್ವ ನನ್ನ ತೋಳು ಹಿಡಿದುಕೊಂಡಳು.

ಟೇಪಿನಲ್ಲಿ ನೀಲವ್ವ ಕೇಳಿದಳು, ‘ಇದು ಎಲ್ಲಾ ಅದರಾಗ ಕುಂತೇನ್ರಿ?’

‘ಕುಂತಬೇ. ಎಲ್ಲಾ ಐತಿ.’ ಅದು ನನ್ನ ದನಿ, ಎಳೆಯ ದನಿ.

‘ಎಷ್ಟ ದಿನಾ ಇರ್ತೈತ್ರಿ?’

‘ನಾವು ನೀವು ಹೋದಮ್ಯಾಲೂ ಇರ್ತೈತಿ. ನಿನ್ನ ಮೊಮ್ಮಕ್ಕಳ ಮದಿವಿಗಿ ಬೇಕಾದ್ರ ಬಾಗಲಕೋಟಿಗಿ ಬಂದು ಕೇಳಬೋದು.’

‘ಹೌದ? ಹಂಗಾರ ಚಲೋ ಆತು ಬಿಡ್ರಿ. ನನ್ನ ಮಗಳು ಶಾಂತಿ ಕಲಸು ಕಲಸು ಅಂತ ಜೀವಾ ತಿಂತಾಳ. ಇಷ್ಟುದ್ದದ್ದು ಯಾವಾಗ ಕಲಸ್ಲಿ, ಮಗ್ಗ ಬಿಟ್ಟು? ಅಕಿಗೆ ಬೇಕಾದಾಗ ನಿಮ್ಮ ಹಂತ್ಯಾಕ ಬರ್ತಾಳ ತಗೋರಿ.’

ಹೆಂಗಸರು ನಕ್ಕರು. ನಾನೂ ನಕ್ಕಿದ್ದೆ. ರೀಲು ತೀರಿ ಟೇಪು ನಿಂತಿತು.

ಸವಿತಾ ಕಣ್ಣು ಒರೆಸಿಕೊಂಡಳು. ಶಾಂತವ್ವ ಅಳಲಿಲ್ಲ. ‘ಇನ್ನೊಮ್ಮೆ ಹಚ್ಚರಿ’ ಎಂದಳು. ಹಚ್ಚಿದೆವು. ಕೇಳಿ ಮುಗಿದ ಮೇಲೆ ಸೆರಗು ಸರಿಪಡಿಸಿಕೊಂಡು ಎದ್ದಳು.

‘ನನ್ನ ಮ್ಯಾಲೆ ಸಿಟ್ಟಿರಲಿಲ್ಲ ನೋಡ್ರಿ ಅಕಿಗೆ. ನಿಮ್ಮನ್ನ ನಂಬಿದ್ಲು, ಅಷ್ಟ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯುವ ದನಿಯಲ್ಲಿ ಹೇಳಲಿಲ್ಲ. ಆ ಮಾತುಗಳನ್ನು ಯಾವ ಮೊಬೈಲಿನಲ್ಲೂ ಕೇಳಲು ಬರುವ ಹಾಗೆ ಇಳಿಸಿ ಕೊಟ್ಟೆವು. ಅರಿಷಿಣದ ದಿನ ಹೆಂಗಸರು ಆ ಎರಡು ಸಾಲನ್ನೇ ತಿರುಗಿ ತಿರುಗಿ ಹಾಡಿದರಂತೆ.

ಈಗ ನಾನೂ ಸವಿತಾಳೂ ವಾರಕ್ಕೊಮ್ಮೆ ಕೂತು ಸಭೆಯ ಕ್ಯಾಸೆಟ್ಟುಗಳ ಬಾಲಗಳನ್ನು ಕೇಳುತ್ತೇವೆ. ಸಾಹೇಬರು ಉತ್ಸಾಹದಲ್ಲಿದ್ದ ದಿನಗಳಲ್ಲಿ ಏನೂ ಉಳಿದಿಲ್ಲ. ಅವರಿಗೆ ಗಂಟಲು ನೋವಿದ್ದ ದಿನ ಅರ್ಧ ಹಾಡು ಉಳಿದಿದೆ. ಆ ಗಂಟಲು ನೋವಿಗೆ ನಾನು ಕೃತಜ್ಞ.

ಯಾವ ಮಶೀನು ಚಲೋ ಎಂದು ಕೇಳಿದ್ದಿರಲ್ಲ. ಬೀಗ ಹಾಕದ ಯಾವುದಾದರೂ ಆದೀತು, ಹಳೆಯದನ್ನು ಅಳಿಸದಿದ್ದರೆ ಸಾಕು. ಆದರೆ ಗುಂಡಿ ಒತ್ತುವ ಮೊದಲು, ಈ ಹಾಡು ಮನೆಯಲ್ಲಿ ಇನ್ನಾರಿಗೆ ಬರುತ್ತದೆ ಎಂದು ಕೇಳಿ. ಯಾರಿಗೂ ಬರುವುದಿಲ್ಲವೆಂದರೆ, ಮೊದಲು ಮಗಳಿಗೆ ಕಲಿಸವ್ವಾ, ಆಮೇಲೆ ನಾವು ಬರುತ್ತೇವೆ ಎಂದು ಹೇಳಿ. ಎಷ್ಟು ದಿನ ಇರುತ್ತದೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನನ್ನ ಹಾಗೆ ಉತ್ತರ ಕೊಡಬೇಡಿ.

ಆ ಫೈಲು ಇವತ್ತಿಗೂ ಅಲ್ಲೇ ಇದೆ. ನೀಲವ್ವ, ಇಳಕಲ್ಲು, ಅರಿಷಿಣದ ಹಾಡು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದಕ್ಷರವೂ ಹೋಗಿಲ್ಲ. ಒತ್ತಿದರೆ ಅನುಮತಿ ಇಲ್ಲ ಎನ್ನುತ್ತದೆ. ಯಾರ ಅನುಮತಿ ಎಂದು ಹೇಳುವುದಿಲ್ಲ.